ಗಾಲಿಕುರ್ಚಿಯಲ್ಲಿ ಕುಳಿತೇ ಹೊಳೆಗೆ ಗಾಳ ಹಾಕಬೇಕಾದರೆ ದಡ ಹೇಗಿರಬೇಕು?

ಪ್ರಶ್ನೆ – ನವಿಲುಗರಿ ಬೆಂಡು, ಕೆಂಗೇರಿ ಉಪನಗರ

ಎಲ್ಲರಿಗೂ ನಮಸ್ಕಾರ. ನಾನು ಬನ್ನೂರಿನ ಸಮೀಪ ಕಾವೇರಿಯ ದಂಡೆಯಲ್ಲಿರುವ ಹಳ್ಳಿಯೊಂದರಲ್ಲಿ ಹುಟ್ಟಿ ಬೆಳೆದವನು. ಓದು ಮುಗಿದಂದಿನಿಂದ ಬೆಂಗಳೂರಿನಲ್ಲಿದ್ದೇನೆ. ಬಿದಿರಿನ ಕೋಲಿಗೆ ದಾರ ಕಟ್ಟಿ, ನವಿಲುಗರಿಯ ದಂಟನ್ನು ಬೆಂಡಾಗಿ ಸಿಕ್ಕಿಸಿ, ಎರೆಹುಳು ಚುಚ್ಚಿ ನೀರಿಗೆ ಬಿಟ್ಟು ಕುಳಿತರೆ ನನಗೆ ಊಟದ ನೆನಪೂ ಆಗುತ್ತಿರಲಿಲ್ಲ. 2019ರಲ್ಲಿ ಬೈಕಿನಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಮೇಲೆ ಎದೆಯಿಂದ ಕೆಳಕ್ಕೆ ಚಲನೆಯೂ ಇಲ್ಲ, ಸ್ಪರ್ಶವೂ ತಿಳಿಯುವುದಿಲ್ಲ. ಕೈಗಳೆರಡೂ ಗಟ್ಟಿಯಾಗಿವೆ. ಬ್ರೇಕನ್ನೂ ಆಕ್ಸಿಲರೇಟರನ್ನೂ ಕೈಯಲ್ಲೇ ಒತ್ತುವಂತೆ ಮಾರ್ಪಡಿಸಿದ ಕಾರನ್ನು ನಾನೇ ಓಡಿಸಿಕೊಂಡು ಕಚೇರಿಗೆ ಹೋಗಿಬರುತ್ತೇನೆ. ಹೊಳೆಯ ದಡಕ್ಕೆ ಮಾತ್ರ ಅಪಘಾತದ ನಂತರ ಹೋಗಿರಲಿಲ್ಲ.

ಕಳೆದ ತಿಂಗಳು ಊರಹಬ್ಬಕ್ಕೆ ಹೋದಾಗ ಭಾವನವರು ಒತ್ತಾಯ ಮಾಡಿ ಕರೆದುಕೊಂಡು ಹೋದರು. ರಸ್ತೆಯಿಂದ ನೀರಿಗೆ ಹೆಚ್ಚೆಂದರೆ ಮೂವತ್ತು ಹೆಜ್ಜೆ. ಹತ್ತು ಹೆಜ್ಜೆ ದಾಟುವಷ್ಟರಲ್ಲೇ ಗಾಲಿಕುರ್ಚಿಯ ಮುಂದಿನ ಪುಟ್ಟ ಚಕ್ರಗಳು ಮರಳಿನಲ್ಲಿ ಹೂತುಹೋದವು. ಅಲ್ಲಿ ಮೀನು ಹಿಡಿಯುತ್ತಿದ್ದ ನಾಲ್ವರು ಹುಡುಗರು ತಮ್ಮ ಗಾಳಗಳನ್ನು ಬಿಟ್ಟು ಬಂದು, ಕುರ್ಚಿಯ ಸಮೇತ ನನ್ನನ್ನು ಎತ್ತಿ, ಸ್ನಾನಘಟ್ಟದ ಮೆಟ್ಟಿಲು ಇಳಿಸತೊಡಗಿದರು. ಪಾಚಿ ಕಟ್ಟಿದ ಮೆಟ್ಟಿಲಿನ ಮೇಲೆ ಒಬ್ಬನ ಕಾಲು ಜಾರಿ ಕುರ್ಚಿ ಎಡಕ್ಕೆ ವಾಲಿದಾಗ ನನ್ನ ಕೈಗೆ ಸಿಕ್ಕಿದ್ದು ಆ ಹುಡುಗನ ಅಂಗಿಯೊಂದೇ. ಹೇಗೋ ಕೆಳಗಿನ ಚಪ್ಪಡಿಗೆ ಮುಟ್ಟಿಸಿದರು. ಚಪ್ಪಡಿ ನೀರಿನ ಕಡೆಗೆ ಇಳಿಜಾರಾಗಿದ್ದುದರಿಂದ ಬ್ರೇಕ್ ಹಾಕಿದ್ದರೂ ಒಂದು ಕೈಯಲ್ಲಿ ಚಕ್ರವನ್ನು ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಕೋಲು ಹಿಡಿದು ಕುಳಿತೆ. ಗೇಣುದ್ದದ ಒಂದು ಜಿಲೇಬಿ ಮೀನು ಸಿಕ್ಕಿತು. ಬಗ್ಗಿ ಅದನ್ನು ಎತ್ತಿಕೊಳ್ಳಲು ನನ್ನಿಂದಾಗಲಿಲ್ಲ. ರಾತ್ರಿ ನೋಡಿದರೆ ಬಲಗಾಲಿನ ಮೀನಖಂಡದ ಮೇಲೆ ದೊಡ್ಡದೊಂದು ಬೊಬ್ಬೆ ಎದ್ದಿತ್ತು. ಕಾಲು ಹಲಗೆಯಿಂದ ಜಾರಿ ಬಿಸಿಲಿಗೆ ಕಾದ ಕಲ್ಲಿಗೆ ತಾಗಿಕೊಂಡಿದ್ದುದು ನನಗೆ ತಿಳಿದೇ ಇರಲಿಲ್ಲ.

ಎತ್ತಿಕೊಂಡು ಹೋಗುವವರು ಇರುವಾಗ ನಿನಗೇನು ಚಿಂತೆ ಎಂದು ಮನೆಯವರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ನಾಲ್ವರ ಹೊತ್ತನ್ನು ಹಾಳುಮಾಡಿ ದಡ ಸೇರಿದವನಿಗೆ ಮೀನು ಕಚ್ಚದಿದ್ದರೂ ಇನ್ನೊಂದು ಗಂಟೆ ಕಾಯೋಣ ಎನ್ನುವ ಧೈರ್ಯ ಬರುವುದಿಲ್ಲ. ಕಾಯದೆ ಗಾಳ ಹಾಕುವುದೆಂದರೆ ಏನೂ ಅಲ್ಲ. ನನ್ನ ಹೊತ್ತಿಗೆ ನಾನೇ ಹೋಗಿ, ನನ್ನ ಹೊತ್ತಿಗೆ ನಾನೇ ಮರಳುವಂತಾಗಬೇಕು. ಬೆಂಗಳೂರಿನಿಂದ ಒಂದು ದಿನದಲ್ಲಿ ಹೋಗಿಬರುವಷ್ಟು ದೂರದಲ್ಲಿ ಅಂಥ ಜಾಗ ಇದೆಯೇ? ಇಲ್ಲದಿದ್ದರೆ ನಮ್ಮೂರಿನ ದಡದಲ್ಲೇ ಅಂಥದ್ದೊಂದನ್ನು ಮಾಡಿಸಬೇಕಾದರೆ ಅದರ ಅಳತೆ, ರೀತಿ ಏನು? ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ – ಹೊಳೆದಂಡೆ ಹಳಬ, ಬಸವನಗುಡಿ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಲವತ್ತು ವರ್ಷಗಳಿಂದ ಕಾವೇರಿಯಲ್ಲಿ ಗಾಳ ಹಾಕಿದ್ದೇನೆ. ದಡಕ್ಕೆ ಬರಲಾಗದೆ ರಸ್ತೆಯಲ್ಲೇ ನಿಂತು ನೋಡಿ ಹಿಂದಿರುಗಿದವರು ಎಷ್ಟು ಮಂದಿ ಇದ್ದಿರಬಹುದೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಅದಕ್ಕಾಗಿ ಮನಸ್ಸು ನೊಂದಿದೆ.

ಜಾಗದ ವಿಷಯ ಮೊದಲು ಹೇಳಿಬಿಡುತ್ತೇನೆ. ನಿಮ್ಮ ಮನೆಯ ಪಕ್ಕದಲ್ಲೇ ವೃಷಭಾವತಿ ಹರಿಯುತ್ತದೆ, ಆದರೆ ಅದು ಈಗ ಊರಿನ ಕೊಳಚೆಯನ್ನು ಅರ್ಕಾವತಿಗೆ ಸಾಗಿಸುವ ಕಾಲುವೆಯಾಗಿದೆ. ಆದ್ದರಿಂದ ಬೆಂಗಳೂರಿನವರಿಗೆ ಹೊಳೆಯ ಮೀನುಗಾರಿಕೆ ಎಂದರೆ ಕಾವೇರಿಯವರೆಗೆ ಹೋಗುವುದೇ ಆಗಿದೆ. ಹಿಂದೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಲಿಬೋರೆಗಳಲ್ಲಿ ರಾಗಿ ಹಿಟ್ಟಿನ ಉಂಡೆ ಕಟ್ಟಿ ಮಹಸೀರ್ ಹಿಡಿದು, ತೂಗಿ, ಮತ್ತೆ ನೀರಿಗೆ ಬಿಡುವ ಶಿಬಿರಗಳಿದ್ದವು. ಆ ಭಾಗ ಕಾವೇರಿ ವನ್ಯಜೀವಿಧಾಮದೊಳಗೆ ಬರುವುದರಿಂದ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನ್ವಯ ಅಲ್ಲಿ ಗಾಳ ಹಾಕುವುದು ನಿಂತು ಹತ್ತು ವರ್ಷಗಳ ಮೇಲಾಯಿತು. ಬೆನ್ನು ಉಬ್ಬಿದ ಆ ಮಹಸೀರ್ ಈಗ ಅಳಿವಿನ ಅಂಚಿನಲ್ಲಿದೆ. ಅದನ್ನು ಅದರ ಪಾಡಿಗೆ ಬಿಡುವುದೇ ಸರಿ. ರಂಗನತಿಟ್ಟಿನ ಆಸುಪಾಸಿಗೂ ಹೋಗಬೇಡಿ, ಅದು ಪಕ್ಷಿಧಾಮ, ಜೊತೆಗೆ ಮೊಸಳೆಗಳಿರುವ ನೀರು. ಇವೆರಡನ್ನು ಬಿಟ್ಟು ನಿಮ್ಮ ಬನ್ನೂರು, ತಲಕಾಡಿನ ಕಡೆಯ ಹೊಳೆಯೇ ನಿಮಗೆ ತಕ್ಕದ್ದೆಂದು ನನ್ನ ಅಭಿಪ್ರಾಯ. ಆ ಭಾಗದಲ್ಲಿ ಮೀನು ಹಿಡಿಯುವ ಹಕ್ಕು ಯಾರಿಗಿದೆ, ಪರವಾನಗಿಯ ಕ್ರಮವೇನು ಎಂಬುದನ್ನು ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿಕೊಂಡೇ ಹೋಗಿ.

ಸಲಕರಣೆಯ ಬಗ್ಗೆ ಒಂದೆರಡು ಮಾತು. ಕುಳಿತು ಎಸೆಯುವವರಿಗೆ ಹನ್ನೆರಡು ಅಡಿಯ ಬಿದಿರಿಗಿಂತ ಆರೂವರೆ, ಏಳು ಅಡಿಯ ಗಾಳದ ರಾಡು ಮತ್ತು ದಾರ ಸುತ್ತುವ ಸ್ಪಿನ್ನಿಂಗ್ ರೀಲು ಸುಲಭ. ರಾಡು ಸಿಕ್ಕಿಸುವ ಹಿಡಿಕೆಯನ್ನು ಕುರ್ಚಿಯ ಚೌಕಟ್ಟಿನ ಕೊಳವೆಗೆ ಬಿಗಿಯಿರಿ. ಕೈಯಿಡುವ ತೋಳಿಗೆ ಬಿಗಿಯಬೇಡಿ, ಮೀನು ಜೋರಾಗಿ ಎಳೆದರೆ ಕಳಚುವ ತೋಳು ರಾಡಿನೊಂದಿಗೇ ಎದ್ದು ಬರುತ್ತದೆ. ಮೀನು ಎತ್ತಿಕೊಳ್ಳಲು ಆರಡಿ ಹಿಡಿಯ ಕೈಬಲೆ ಇಟ್ಟುಕೊಂಡರೆ ಬಗ್ಗುವ ಪ್ರಮೇಯವೇ ಇರುವುದಿಲ್ಲ. ಎರೆಹುಳುವಿನ ಡಬ್ಬಿಗಿಂತ ರಾಗಿ ಮುದ್ದೆಯೇ ನಿಮಗೆ ಅನುಕೂಲ: ಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ, ಬಿಸಿಯಿರುವಾಗಲೇ ಚೆನ್ನಾಗಿ ನಾದಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲಿನ ತಟ್ಟೆಯಲ್ಲಿಟ್ಟುಕೊಂಡರೆ ಸಂಜೆಯವರೆಗೂ ಬಿರುಕು ಬಿಡುವುದಿಲ್ಲ.

ಉತ್ತರ – ಸಿವಿಲ್ ಎಂಜಿನಿಯರ್, ರಾಜಾಜಿನಗರ

ಅಳತೆಗಳನ್ನು ಕೇಳಿದ್ದೀರಿ; ಅದನ್ನೇ ವಿವರಿಸುತ್ತೇನೆ. ನೀರಿನ ಕೆಲಸಗಳಲ್ಲಿ ಹದಿನಾರು ವರ್ಷ ದುಡಿದ ನನಗೆ ತಿಳಿದಂತೆ ಇಲ್ಲಿ ಎಲ್ಲರೂ ತಪ್ಪುವುದು ಜಾಗದ ಆಯ್ಕೆಯಲ್ಲಿ. ಕೃಷ್ಣರಾಜಸಾಗರದಿಂದ ನೀರು ಬಿಟ್ಟಾಗ ಕೆಳಗಿನ ಹೊಳೆ ಏರುತ್ತದೆ, ನಿಲ್ಲಿಸಿದಾಗ ಇಳಿಯುತ್ತದೆ. ಕುಳಿತು ಗಾಳ ಹಾಕಲೆಂದು ಬೇಸಿಗೆಯ ನೀರಿನ ಮಟ್ಟಕ್ಕೆ ಕಟ್ಟಿದ ಜಗುಲಿ ಮಳೆಗಾಲದಲ್ಲಿ ಮುಳುಗುತ್ತದೆ; ಮಳೆಗಾಲದ ಮಟ್ಟಕ್ಕೆ ಕಟ್ಟಿದರೆ ಬೇಸಿಗೆಯಲ್ಲಿ ಅದು ನೀರಿನಿಂದ ಎರಡಾಳು ಮೇಲಿರುತ್ತದೆ. ನಮ್ಮ ಹಿರಿಯರು ಈ ನದಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟೆಗಳು ಈ ತೊಡಕಿಗೆ ಉತ್ತರವಾಗಿವೆ. ಶ್ರೀರಂಗಪಟ್ಟಣದ ಬಳಿಯ ಬಂಗಾರದೊಡ್ಡಿಯಿಂದ ತಲಕಾಡಿನ ಕಡೆಯ ಮಾಧವಮಂತ್ರಿ ಕಟ್ಟೆಯವರೆಗೆ ಇಂಥ ಹಲವು ಕಟ್ಟೆಗಳಿವೆ. ನಾಲೆಗೆ ನೀರು ತಿರುಗಿಸಬೇಕಾದ್ದರಿಂದ ಕಟ್ಟೆಯ ಮೇಲ್ಭಾಗದಲ್ಲಿ ನೀರು ಕಟ್ಟೆಯ ನೆತ್ತಿಯ ಮಟ್ಟಕ್ಕೆ ನಿಲ್ಲುತ್ತದೆ, ಏರಿಳಿತ ಕಡಿಮೆ, ಸೆಳೆತವೂ ಕಡಿಮೆ. ನಿಮ್ಮೂರು ಅಂಥದೊಂದು ಕಟ್ಟೆಯ ಹಿನ್ನೀರಿನಲ್ಲಿದ್ದರೆ ಅರ್ಧ ಕೆಲಸ ಆದಂತೆ. ಆದರೆ ಕಟ್ಟೆಗೆ ತೀರಾ ಹತ್ತಿರ ಬೇಡ. ಪ್ರವಾಹದಲ್ಲಿ ಅಲ್ಲಿಯ ಎಳೆತ ಭಯಂಕರ.

ಇನ್ನು ಇಳಿಜಾರು. ಒಂದು ಅಡಿ ಇಳಿಯಲು ಹನ್ನೆರಡು ಅಡಿ ಉದ್ದ ಎಂಬುದು ಗಾಲಿಕುರ್ಚಿಗೆ ಎಲ್ಲ ಕಡೆಯೂ ಒಪ್ಪಿರುವ ಕಡಿದಾದ ಮಿತಿ. ದಡ ಎರಡು ಮೀಟರ್ ಎತ್ತರವಿದ್ದರೆ ಇಳಿಜಾರು 24 ಮೀಟರ್ ಆಗುತ್ತದೆ. ಪ್ರತಿ 760 ಮಿಲಿಮೀಟರ್ ಇಳಿತಕ್ಕೊಮ್ಮೆ ಒಂದೂವರೆ ಮೀಟರಿನ ಸಮತಟ್ಟಾದ ತಂಗುಜಾಗ ಬೇಕಾದ್ದರಿಂದ ಒಟ್ಟು 27 ಮೀಟರ್. ಇದನ್ನು ಹೊಳೆಗೆ ಎದುರಾಗಿ ನೇರ ಇಳಿಸಬಾರದು. ಕೈ ಜಾರಿದರೆ ಕುರ್ಚಿ ಸೀದಾ ನೀರಿಗೇ ಹೋಗುತ್ತದೆ. ದಡದ ಗುಂಟ ಓರೆಯಾಗಿ ಇಳಿಸಿ, ಕೊನೆಯಲ್ಲಿ ಜಗುಲಿಯ ಕಡೆಗೆ ತಿರುಗಿಸಬೇಕು.

ಜಗುಲಿ ಎಷ್ಟೇ ಚಿಕ್ಕದಾದರೂ ಕುರ್ಚಿ ಪೂರ್ತಿ ತಿರುಗಲು ಒಂದೂವರೆ ಮೀಟರ್ ವ್ಯಾಸದ ಜಾಗ ಇರಲೇಬೇಕು. ಅಂಚಿನ ಕಟಕಟೆಯ ಬಗ್ಗೆ ಅಂಗವಿಕಲರ ಅನುಕೂಲಕ್ಕೆಂದು ಅಮೆರಿಕ ರೂಪಿಸಿದ 2010ರ ಮಾನದಂಡಗಳು ಮೀನು ಹಿಡಿಯುವ ಜಗುಲಿಗಳಿಗೆಂದೇ ಪ್ರತ್ಯೇಕ ನಿಯಮ ಮಾಡಿವೆ. ಓದಿದಾಗ ನನಗೆ ಬಹಳ ಹಿಡಿಸಿತು. ಕಟಕಟೆಯ ಒಟ್ಟು ಉದ್ದದ ಕಾಲು ಭಾಗವಾದರೂ 865 ಮಿಲಿಮೀಟರಿಗಿಂತ ಎತ್ತರ ಇರಬಾರದು. ನಿಂತವರಿಗೆಂದು ಕಟ್ಟುವ ಎದೆಮಟ್ಟದ ಕಂಬಿ ಕುಳಿತವರ ಕಣ್ಣಿಗೆ ಅಡ್ಡ ಬರುತ್ತದೆ, ರಾಡನ್ನು ಮೊಣಕೈ ಮಟ್ಟದಲ್ಲಿ ಆಡಿಸಲು ಬಿಡುವುದಿಲ್ಲ. ಅದರ ಜೊತೆಗೆ ನೆಲದ ಅಂಚಿನಲ್ಲಿ ಕನಿಷ್ಠ ಎರಡು ಇಂಚು ಎತ್ತರದ ತಡೆ ಇರಬೇಕು. ಮುಂದಿನ ಚಕ್ರ ಅದಕ್ಕೆ ತಾಗಿ ನಿಲ್ಲುತ್ತದೆ. ನೀವು ಆ ಚಪ್ಪಡಿಯ ಮೇಲೆ ಒಂದು ಕೈಯನ್ನು ಚಕ್ರಕ್ಕೇ ಮೀಸಲಿಟ್ಟಿರಲ್ಲ, ಆ ಕೈಯ ಕೆಲಸವನ್ನು ಈ ಎರಡಿಂಚಿನ ತಡೆ ಮತ್ತು ಮಟ್ಟವಾದ ನೆಲ ಮಾಡುತ್ತವೆ. ನೀರು ಹರಿದುಹೋಗಲು ನೆಲಕ್ಕೆ ಐವತ್ತಕ್ಕೆ ಒಂದರಷ್ಟು ವಾಟ ಸಾಕು, ಅದೂ ದಡದ ಕಡೆಗೆ ಇರಲಿ.

ನಯವಾದ ಕಡಪ ಕಲ್ಲು, ಟೈಲ್ಸ್ ಖಂಡಿತ ಬೇಡ. ಉಳಿಯ ಪೆಟ್ಟು ಕೊಟ್ಟು ಒರಟಾಗಿಸಿದ ಗ್ರಾನೈಟ್ ಚಪ್ಪಡಿ ಅಥವಾ ಹಸಿಯಿರುವಾಗಲೇ ಕಸಬರಿಕೆಯಿಂದ ಗೀರು ಎಳೆದ ಕಾಂಕ್ರೀಟು ಸಾಕು. ಮರವೂ ಆಗುತ್ತದೆ, ಆದರೆ ಜವಾಬ್ದಾರಿ ಹೊರುವವರು ಬೇಕು. ಚೆನ್ನೈನ ಮರೀನಾ ಕಡಲತೀರದಲ್ಲಿ ಗಾಲಿಕುರ್ಚಿಯವರು ಅಲೆಯ ಹತ್ತಿರ ಹೋಗಲೆಂದು 2022ರ ನವೆಂಬರಿನಲ್ಲಿ ಮರದ ಶಾಶ್ವತ ದಾರಿ ತೆರೆಯಿತು; ಮರುತಿಂಗಳೇ ಮಾಂಡೌಸ್ ಚಂಡಮಾರುತ ಅದರ ತುದಿಯನ್ನು ಮುರಿದುಹಾಕಿತು, ಮತ್ತೆ ಕಟ್ಟಬೇಕಾಯಿತು. ಮತ್ತೆ ಕಟ್ಟಿದರು ಎಂಬುದನ್ನು ನಾನು ಹೆಚ್ಚು ನೆನಪಿಡುತ್ತೇನೆ. ನಿಮ್ಮ ಜಗುಲಿಯ ಮೇಲೂ ಪ್ರತಿ ಮುಂಗಾರಿನ ನಂತರ ಹೂಳು ಕೂತು ಪಾಚಿ ಹಿಡಿಯುತ್ತದೆ. ಅದನ್ನು ಉಜ್ಜಿ ತೊಳೆಯುವುದು ಯಾರ ಕೆಲಸವೆಂದು ಕಟ್ಟುವ ಮೊದಲೇ ಬರೆದಿಡಿ.

ಹರಿಗೋಲಿನಲ್ಲಿ ಹೋಗಿ ಎಂದು ಯಾರಾದರೂ ಸಲಹೆ ಕೊಡಬಹುದು. ಗುಂಡಗಿನ ಅಂಚು, ಬಾಗಿದ ತಳ, ತಿರುಗುತ್ತಲೇ ಇರುವ ಸ್ವಭಾವ. ಗಾಲಿಕುರ್ಚಿಗೆ ಅದು ಆಗದು. ಬ್ರಿಟನ್ನಿನಲ್ಲಿ ವೀಲಿಬೋಟ್ ಎಂಬ ದೋಣಿಗಳಿವೆ. ಅವುಗಳ ಮುಂಭಾಗವೇ ಬಾಗಿಲಿನಂತೆ ಕೆಳಕ್ಕೆ ತೆರೆದು ಇಳಿಜಾರಾಗುತ್ತದೆ, ಕುರ್ಚಿಯನ್ನು ಯಾರೂ ಎತ್ತದೆ ಸಮತಟ್ಟಾದ ತಳಕ್ಕೆ ಉರುಳಿಸಿಕೊಂಡು ಹೋಗಬಹುದು.

ಉತ್ತರ – ಫಿಸಿಯೋಥೆರಪಿಸ್ಟ್, ಜಯನಗರ

ನಾನು ಬೆನ್ನುಹುರಿ ಪೆಟ್ಟಾದವರೊಂದಿಗೆ ಕೆಲಸ ಮಾಡುತ್ತೇನೆ. ನಿಮ್ಮ ಕಾಲಿನ ಬೊಬ್ಬೆಯ ಬಗ್ಗೆ ಓದಿದ ಕ್ಷಣದಿಂದ ಇದನ್ನು ಬರೆಯಬೇಕೆನಿಸಿತು. ದಯವಿಟ್ಟು ಅದು ಪೂರ್ತಿ ಮಾಯುವವರೆಗೆ ಪ್ರತಿದಿನ ಕನ್ನಡಿ ಹಿಡಿದು ನೋಡಿಕೊಳ್ಳಿ, ಕೆಂಪು ಹರಡಿದರೆ ವೈದ್ಯರಲ್ಲಿಗೆ ಹೋಗಿ. ಸ್ಪರ್ಶವಿಲ್ಲದ ಚರ್ಮಕ್ಕೆ ಬಿಸಿಲಿನ ಕಲ್ಲು, ಲೋಹದ ಕಾಲುಹಲಗೆ, ಗಾಳದ ಕೊಕ್ಕೆ ಮೂರೂ ಒಂದೇ ಬಗೆಯ ಶತ್ರುಗಳು. ಉದ್ದನೆಯ ದಪ್ಪ ಪ್ಯಾಂಟು, ಮುಚ್ಚಿದ ಬೂಟು, ಮೀನಖಂಡದ ಹಿಂದೆ ಕಾಲನ್ನು ತಡೆಯುವ ಅಗಲವಾದ ಪಟ್ಟಿ ಇರಲಿ. ಕೊಕ್ಕೆ ಎಲ್ಲಿ ಬಿತ್ತೆಂದು ಕಾಣದಿದ್ದರೆ ತೊಡೆಯ ಮೇಲೆ, ಮೆತ್ತೆಯ ಸಂದಿನಲ್ಲಿ ಮೊದಲು ಹುಡುಕಿ.

ಮೀನು ಕಾಯುವಾಗ ಹೊತ್ತು ಹೋದದ್ದು ತಿಳಿಯುವುದಿಲ್ಲ ಎಂದಿರಿ, ನನ್ನ ಭಯವೂ ಅದೇ. ಪ್ರತಿ ಇಪ್ಪತ್ತು ನಿಮಿಷಕ್ಕೊಮ್ಮೆ ಮೊಬೈಲಿನಲ್ಲಿ ಗಂಟೆ ಬಾರಿಸಿಕೊಂಡು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಚೆನ್ನಾಗಿ ವಾಲಿ ಪೃಷ್ಠದ ಮೇಲಿನ ಭಾರವನ್ನು ಇಳಿಸಲೇಬೇಕು. ಒತ್ತಡದ ಹುಣ್ಣು ಒಮ್ಮೆ ಆದರೆ ತಿಂಗಳುಗಟ್ಟಲೆ ಹೊಳೆಯಷ್ಟೇ ಅಲ್ಲ, ಕುರ್ಚಿಯೂ ಇರುವುದಿಲ್ಲ. ಪೆಟ್ಟು ಎದೆಯ ಆರನೆಯ ಕಶೇರುಕದ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲಿದ್ದರೆ ಇನ್ನೂ ಎರಡು ಎಚ್ಚರಿಕೆಗಳಿವೆ. ಪೆಟ್ಟಿನ ಕೆಳಗೆ ಬೆವರುವುದು ಕಡಿಮೆಯಾಗುವುದರಿಂದ ಬಿಸಿಲಿನಲ್ಲಿ ಮೈ ತಣಿಯುವುದಿಲ್ಲ. ನೆರಳು, ಕತ್ತಿಗೆ ಒದ್ದೆ ಟವೆಲ್, ನೀರು ಚಿಮುಕಿಸುವ ಬಾಟಲಿ ಬೇಕು. ಮೂತ್ರಕೋಶ ತುಂಬಿಕೊಂಡರೆ ಅಥವಾ ಮೂತ್ರ ಹೊರಹೋಗುವ ಕೊಳವೆ (ಕ್ಯಾಥೆಟರ್) ಮಡಿಚಿಕೊಂಡರೆ ರಕ್ತದೊತ್ತಡ ಒಮ್ಮೆಲೇ ಏರಿ ತಲೆ ಸಿಡಿಯತೊಡಗುತ್ತದೆ. ಆಗ ನೇರವಾಗಿ ಕುಳಿತುಕೊಂಡು, ಬಿಗಿಯಾದದ್ದನ್ನೆಲ್ಲ ಸಡಿಲಿಸಿ, ಕಾರಣವನ್ನು ತೆಗೆಯಬೇಕು. ಕಡಿಮೆಯಾಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಜೊತೆಗಿರುವವರಿಗೆ ಇದನ್ನು ಮೊದಲೇ ಹೇಳಿಡಿ.

ನೀರಿನ ಅಂಚಿನಲ್ಲಿ ಜೀವರಕ್ಷಕ ಜಾಕೆಟ್ ಹಾಕಿಕೊಳ್ಳಿ, ಕುರ್ಚಿಯ ಸೊಂಟಪಟ್ಟಿಯನ್ನು ಬಿಚ್ಚಿಡಿ. ಕುರ್ಚಿ ನೀರಿಗೆ ಬಿದ್ದರೆ ಅದಕ್ಕೆ ಕಟ್ಟಿಕೊಂಡವರು ಅದರೊಂದಿಗೇ ಮುಳುಗುತ್ತಾರೆ. ಗಾಳ ಎಸೆಯುವ ಮೊದಲು ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಉರುಳಿಸಿ ನಿಲ್ಲಿಸಿ. ಮುಂದಿನ ಪುಟ್ಟ ಚಕ್ರಗಳು ಆಗ ಮುಂದಕ್ಕೆ ತಿರುಗಿಕೊಂಡು, ನೀವು ಮುಂದೆ ಬಾಗಿದಾಗ ಕುರ್ಚಿ ಮುಗ್ಗರಿಸದಂತೆ ತಡೆಯುತ್ತವೆ. ಇಷ್ಟು ಚಿಕ್ಕ ಅಭ್ಯಾಸ ಎಷ್ಟೋ ಬೀಳುವಿಕೆಗಳನ್ನು ತಪ್ಪಿಸುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಉತ್ತರ – ಊರುಗೋಲಿನವಳು, ಯಲಹಂಕ

ನಾನು ಪೋಲಿಯೊದಿಂದಾಗಿ ಊರುಗೋಲು ಹಿಡಿದು ನಡೆಯುವವಳು. ತಂದೆಯವರ ಜೊತೆ ಕೆರೆಯಲ್ಲಿ ಗಾಳ ಹಾಕುತ್ತಿದ್ದೆ. ಎಲ್ಲರೂ ಜಗುಲಿಯ ಬಗ್ಗೆ ಬರೆದಿದ್ದಾರೆ, ಶೌಚಾಲಯದ ಬಗ್ಗೆ ಯಾರೂ ಬರೆದಿಲ್ಲ. ಗಂಡಸರು ಹೇಗೋ ನಿಭಾಯಿಸಬಹುದು. ನಾನು ಹೊರಟ ದಿನ ಬೆಳಗಿನಿಂದ ನೀರನ್ನೇ ಕುಡಿಯದೆ ಹೋಗುತ್ತಿದ್ದೆ. ಒಳಗೆ ಕುರ್ಚಿ ತಿರುಗುವಷ್ಟು ಜಾಗ, ಹೊರಗೆ ತೆರೆಯುವ ಬಾಗಿಲು, ಗೋಡೆಗೆ ಹಿಡಿಕೆ ಇರುವ ಒಂದು ಕೋಣೆ ಇಲ್ಲದಿದ್ದರೆ ನಿಮ್ಮ ಜಗುಲಿಗೆ ಹೆಂಗಸರು ಬರಲಾರರು.

ಒಮ್ಮೆ ಕೆರೆಯೊಂದರ ದಡಕ್ಕೆ ಇಳಿಜಾರು ಮಾಡಿಸಿಕೊಡಿ ಎಂದು ಅರ್ಜಿ ಹಿಡಿದು ಕಚೇರಿಯೊಂದಕ್ಕೆ ಹೋದಾಗ, ಮೀನು ಹಿಡಿಯುವುದು ಅಗತ್ಯ ಸೇವೆಯಲ್ಲವಮ್ಮ ಎಂದು ಹೇಳಿ ಕಳುಹಿಸಿದರು. ಆಗ ನನಗೆ ಉತ್ತರ ತಿಳಿದಿರಲಿಲ್ಲ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ 2016ರ ಕಾಯ್ದೆಯ 29ನೇ ಕಲಂ, ಇತರರಿಗೆ ಸಮಾನವಾಗಿ ಮನರಂಜನೆಯಲ್ಲಿ ಪಾಲ್ಗೊಳ್ಳುವ ಹಕ್ಕನ್ನು ಕಾಪಾಡುವ ಹೊಣೆಯನ್ನು ಸರ್ಕಾರದ ಮೇಲೂ ಸ್ಥಳೀಯ ಸಂಸ್ಥೆಗಳ ಮೇಲೂ ಹೊರಿಸಿದೆ. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್ ರಾಜೀವ್ ರತೂರಿ ಪ್ರಕರಣದಲ್ಲಿ, ಸುಗಮ್ಯತೆಯ, ಎಂದರೆ ಅಂಗವಿಕಲರೂ ಬಳಸುವಂತೆ ಮಾಡುವ, ಮಾನದಂಡಗಳು ಬರಿಯ ಸಲಹೆಗಳಾಗಿ ಉಳಿಯಬಾರದು, ಕಡ್ಡಾಯ ನಿಯಮಗಳಾಗಬೇಕು ಎಂದು ಹೇಳಿತು. ನೀವು ಬರೆಯುವ ಅರ್ಜಿಯಲ್ಲಿ ಇವೆರಡನ್ನೂ ಉಲ್ಲೇಖಿಸಿ. ಮೊದಲು ಗ್ರಾಮ ಪಂಚಾಯಿತಿಗೆ ಹೋಗಿ. ಅಂಗವಿಕಲರ ಕಲ್ಯಾಣಕ್ಕೆಂದು ಶೇಕಡಾ 5ರ ಅನುದಾನವನ್ನು ಅದು ತೆಗೆದಿಡಬೇಕು, ಅಲ್ಲಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅರ್ಜಿ ಬರೆಯಲು ನೆರವಾಗುತ್ತಾರೆ. ಕೆಲಸವಾಗದಿದ್ದರೆ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು. ಅವರು ಶಿಫಾರಸು ಮಾಡಿದರೆ ಸಂಬಂಧಿಸಿದ ಪ್ರಾಧಿಕಾರ ಮೂರು ತಿಂಗಳೊಳಗೆ ತಾನು ಕೈಗೊಂಡ ಕ್ರಮವನ್ನು ತಿಳಿಸಬೇಕು.

ಕಾಣದವರನ್ನೂ ನೆನಪಿಡಿ. ಬೆಂಡು ಮುಳುಗುವುದು ಅವರಿಗೆ ಕಾಣುವುದಿಲ್ಲ, ಆದರೆ ರಾಡಿನ ತುದಿಗೆ ಪುಟ್ಟ ಗೆಜ್ಜೆ ಕಟ್ಟಿ ದಾರವನ್ನು ತೋರುಬೆರಳ ಮೇಲೆ ಹಾಯಿಸಿಕೊಂಡರೆ ಮೀನು ಮೂಸಿದ್ದೂ ತಿಳಿಯುತ್ತದೆ. ಎಂಜಿನಿಯರ್ ಹೇಳಿದ ಅಂಚಿನ ತಡೆ ಅವರ ಬಿಳಿಕೋಲಿಗೂ ಗುರುತಾಗುತ್ತದೆ.

ಮರುನುಡಿ – ನವಿಲುಗರಿ ಬೆಂಡು, ಕೆಂಗೇರಿ ಉಪನಗರ

ಎಲ್ಲರಿಗೂ ಹೃದಯಪೂರ್ವಕ ವಂದನೆಗಳು. ಬೊಬ್ಬೆ ಒಣಗುತ್ತಿದೆ, ಪ್ರತಿದಿನ ಕನ್ನಡಿಯಲ್ಲಿ ನೋಡಿಕೊಳ್ಳುತ್ತಿದ್ದೇನೆ. ಈ ಭಾನುವಾರ ಊರಿಗೆ ಹೋಗಿದ್ದೆ. ಭಾವನವರು ಮತ್ತು ಅಂದು ನನ್ನನ್ನು ಎತ್ತಿದ್ದ ಹುಡುಗರಲ್ಲಿ ಇಬ್ಬರು ಸೇರಿ, ಗಾರೆ ಕೆಲಸದವರ ನೀರು ತುಂಬಿದ ಪಾರದರ್ಶಕ ಪೈಪು ಹಿಡಿದು ರಸ್ತೆಯ ಅಂಚಿನಿಂದ ನೀರಿನವರೆಗಿನ ಮಟ್ಟ ತೆಗೆದರು. ನಾನು ಕಾರಿನ ಬಾಗಿಲು ತೆರೆದುಕೊಂಡು ಕುಳಿತು ಬರೆದುಕೊಂಡೆ. ಕೆಳಗಿನ ಕಟ್ಟೆಯ ಹಿನ್ನೀರು ನಮ್ಮೂರಿನವರೆಗೂ ನಿಲ್ಲುತ್ತದೆ. ಬೇಸಿಗೆಗೂ ಮಳೆಗಾಲಕ್ಕೂ ಎರಡು ಮೆಟ್ಟಿಲಿಗಿಂತ ಹೆಚ್ಚಿನ ವ್ಯತ್ಯಾಸ ಸಾಮಾನ್ಯ ವರ್ಷಗಳಲ್ಲಿ ಇರುವುದಿಲ್ಲವೆಂದು ಬಟ್ಟೆ ಒಗೆಯಲು ಬಂದಿದ್ದ ಹಿರಿಯರೊಬ್ಬರು ಮೆಟ್ಟಿಲಿನ ಮೇಲಿನ ಕಲೆಯನ್ನೇ ತೋರಿಸಿ ಹೇಳಿದರು. ಜಗುಲಿ ಇರಬೇಕಾದ ಮಟ್ಟಕ್ಕೆ ರಸ್ತೆಯಿಂದ ಒಟ್ಟು ಇಳಿತ 1.4 ಮೀಟರ್. ಎಂಜಿನಿಯರ್ ಅವರ ಲೆಕ್ಕದಂತೆ ಇಳಿಜಾರು 16.8 ಮೀಟರ್, ನಡುವೆ ಒಂದು ತಂಗುಜಾಗ ಸೇರಿಸಿದರೆ 18.3 ಮೀಟರ್ ಆಗುತ್ತದೆ.

ಒಂದು ತೊಡಕು ಉಳಿದಿದೆ. ದಡದ ಗುಂಟ ಓರೆಯಾಗಿ ಇಳಿಸಿದರೆ ಹನ್ನೊಂದನೆಯ ಮೀಟರಿನಲ್ಲಿ ದೊಡ್ಡದೊಂದು ಹೊಂಗೆಮರ ಅಡ್ಡ ಬರುತ್ತದೆ. ಅದರ ನೆರಳು ಮಧ್ಯಾಹ್ನದವರೆಗೂ ನೀರಿನ ಅಂಚಿಗೆ ಬೀಳುವುದರಿಂದ ಕಡಿಯುವ ಮಾತನ್ನು ನಾನು ಎತ್ತುವುದಿಲ್ಲ, ಊರಿನವರೂ ಒಪ್ಪುವುದಿಲ್ಲ. ಇಳಿಜಾರನ್ನು ಮರದ ಮೊದಲೇ ಹಿಂದಕ್ಕೆ ತಿರುಗಿಸಿ, ತಿರುವಿನಲ್ಲೇ ಆ ತಂಗುಜಾಗವನ್ನು ಕೊಟ್ಟು, ಜಗುಲಿಯನ್ನು ನೆರಳಿನೊಳಗೇ ಉಳಿಸಲು ಸಾಧ್ಯವೇ? ಸಾಧ್ಯವಾದರೆ ಒಂದು ನಕ್ಷೆ ಬರೆದುಕೊಡಬೇಕೆಂದು ಎಂಜಿನಿಯರ್ ಅವರಲ್ಲಿ ವಿನಂತಿ. ಶೌಚಾಲಯದ ಕೋಣೆಗೆ ರಸ್ತೆಯ ಪಕ್ಕದಲ್ಲಿ ಸಮತಟ್ಟಾದ ಜಾಗವಿದೆ. ಅದನ್ನೂ ಅದೇ ನಕ್ಷೆಯಲ್ಲಿ ಸೇರಿಸಿ, ಮುಂದಿನ ಗ್ರಾಮಸಭೆಯ ಹೊತ್ತಿಗೆ ಅರ್ಜಿಯೊಂದಿಗೆ ಲಗತ್ತಿಸುತ್ತೇನೆ.